ವಕೀಲರ ಫೀಸಿಗೆ ಐಟಿ ರಿಟರ್ನ್‌ನಲ್ಲಿ ಜಾಗ ಎಲ್ಲಿದೆ?

ದಾವಣಗೆರೆಯಂಥ ಊರೊಂದರಲ್ಲಿ ಇಬ್ಬರು ಡಾಕ್ಟರು ಇದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬರದು ಸ್ವಂತ ಕ್ಲಿನಿಕ್ಕು. ಇನ್ನೊಬ್ಬರು ಖಾಸಗಿ ಆಸ್ಪತ್ರೆಯಲ್ಲಿ ತಿಂಗಳ ಸಂಬಳಕ್ಕಿದ್ದಾರೆ. ಇಬ್ಬರ ಮೇಲೂ ಒಂದೇ ಬಗೆಯ ದೂರು. ಚಿಕಿತ್ಸೆಯಲ್ಲಿ ಲೋಪವಾಯಿತೆಂದು ರೋಗಿಯ ಕಡೆಯವರು ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದ್ದಾರೆ. ಇಬ್ಬರೂ ಹಿಡಿದದ್ದು ಒಬ್ಬರೇ ವಕೀಲರನ್ನು. ಇಬ್ಬರಿಗೂ ಬಂದ ಬಿಲ್ಲು 80,000 ರೂಪಾಯಿ. ಇಬ್ಬರೂ ಗೆದ್ದರು. ಆದರೆ ಐಟಿ ರಿಟರ್ನ್ ಫೈಲ್ ಮಾಡುವ ಹೊತ್ತಿಗೆ ಇಬ್ಬರ ದಾರಿಯೂ ಬೇರೆಯಾಗುತ್ತದೆ. ಕ್ಲಿನಿಕ್ಕಿನ ಡಾಕ್ಟರು ಅಷ್ಟೂ ಹಣವನ್ನು ವೃತ್ತಿಯ ಖರ್ಚೆಂದು ಕಳೆದು, ಉಳಿದ ಆದಾಯಕ್ಕೆ ಮಾತ್ರ ತೆರಿಗೆ ಕಟ್ಟುತ್ತಾರೆ. ಸಂಬಳದ ಡಾಕ್ಟರು ಅದರಲ್ಲಿ ಒಂದು ರೂಪಾಯಿಯನ್ನೂ ಕಳೆಯುವಂತಿಲ್ಲ. ಕೆಲಸ ಒಂದೇ, ದೂರು ಒಂದೇ, ಖರ್ಚೂ ಒಂದೇ. ‘ಕೆಲಸಕ್ಕೆ ಸಂಬಂಧಪಟ್ಟ ಖರ್ಚು ತಾನೇ, ಕಳೆಯಬಹುದು’ ಎಂದು ಹೇಳುವ ಗೆಳೆಯರೂ ಸಹೋದ್ಯೋಗಿಗಳೂ ಎಲ್ಲ ಕಚೇರಿಯಲ್ಲಿಯೂ ಇರುತ್ತಾರೆ. ಆ ಮಾತನ್ನು ನಂಬಿ ರಿಟರ್ನ್ ತುಂಬಿದವರು ಆಮೇಲೆ ಆಡಿಟರ ಮುಂದೆ ಕೂತು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಖರ್ಚಿಗೂ ಕೆಲಸಕ್ಕೂ ಸಂಬಂಧ ಇದೆಯೇ ಎಂಬುದು ನಮ್ಮ ಆದಾಯ ತೆರಿಗೆ ಕಾಯಿದೆ ಕೇಳುವ ಮೊದಲ ಪ್ರಶ್ನೆಯೇ ಅಲ್ಲ.

ಅದು ಮೊದಲು ಕೇಳುವುದು, ದುಡ್ಡು ಯಾವ ಖಾನೆಗೆ ಬಂತು ಎಂದು. ಗಳಿಕೆಯನ್ನು ಕಾಯಿದೆ ಐದು ಖಾನೆಗಳಲ್ಲಿ ಹಂಚಿಡುತ್ತದೆ: ಸಂಬಳ, ಮನೆ ಆಸ್ತಿ, ವ್ಯಾಪಾರ ಅಥವಾ ವೃತ್ತಿ, ಬಂಡವಾಳ ಲಾಭ, ಇತರೆ ಮೂಲ. ಒಂದೊಂದು ಖಾನೆಯಲ್ಲಿ ಕಳೆಯುವ ಲೆಕ್ಕ ಒಂದೊಂದು ಥರ. ವೃತ್ತಿಯ ಖಾನೆಯಲ್ಲಿ ಬಾಗಿಲು ಅಗಲವಾಗಿದೆ. ವೃತ್ತಿಗಾಗಿಯೇ ಮಾಡಿದ ಖರ್ಚಾದರೆ ಸಾಕು. ಸಂಬಳದ ಖಾನೆಯಲ್ಲಿ ಇರುವುದು ಮೂರು ಕಿಂಡಿ ಮಾತ್ರ. ಐಟಿಆರ್-1ರ ಸಂಬಳದ ಭಾಗವನ್ನು ತೆರೆದು ನೋಡಿ. ಒಟ್ಟು ಸಂಬಳ, ಅದರಲ್ಲಿ ವಿನಾಯಿತಿಯ ಭತ್ಯೆಗಳು, ಆಮೇಲೆ ಸೆಕ್ಷನ್ 16ರ ಕಡಿತಗಳೆಂದು ಮೂರೇ ಸಾಲು: ಸ್ಟ್ಯಾಂಡರ್ಡ್ ಡಿಡಕ್ಷನ್, ಸರ್ಕಾರಿ ನೌಕರರಿಗೆ ಮಾತ್ರ ಸಿಗುವ ಆತಿಥ್ಯ ಭತ್ಯೆಯ ಕಡಿತ, ವೃತ್ತಿ ತೆರಿಗೆ. ಮೊದಲನೆಯದು ಹೊಸ ಪದ್ಧತಿಯಲ್ಲಿ 75,000, ಹಳೆಯದರಲ್ಲಿ 50,000 ರೂಪಾಯಿ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300, ವರ್ಷಕ್ಕೆ ಒಟ್ಟು 2,500 ರೂಪಾಯಿ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಅದನ್ನೂ ಕಳೆಯುವ ಭಾಗ್ಯವಿಲ್ಲ. ‘ಇತರೆ ಖರ್ಚು’ ಎಂಬ ನಾಲ್ಕನೆಯ ಸಾಲು ಅಲ್ಲಿಲ್ಲ. ವಕೀಲರ ಫೀಸು, ನೋಟರಿ ಖರ್ಚು, ಬೆಂಗಳೂರಿಗೆ ಓಡಾಡಿದ ಬಸ್ಸಿನ ಚಾರ್ಜು ಯಾವುದನ್ನೂ ಬರೆಯಲು ಜಾಗವೇ ಇಲ್ಲದ ಫಾರಂ ಅದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು ಬದಲಾಗಿದ್ದರೂ ಈ ಐದು ಖಾನೆಗಳ ಕಟ್ಟುನಿಟ್ಟು ಹಾಗೇ ಉಳಿದಿದೆ. ಆಡಿಟರುಗಳ ಬಾಯಲ್ಲಿ ಇನ್ನೂ ಓಡಾಡುವ 1961ರ ಕಾಯಿದೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಿದ್ದೇನೆ.

ಮೊದಲಿನಿಂದಲೂ ಹೀಗೇ ಇತ್ತೇ ಎಂದರೆ, ಇಲ್ಲ. 1961ರ ಕಾಯಿದೆ ಹುಟ್ಟಿದಾಗ ಅದರ 16ನೇ ಸೆಕ್ಷನ್ನಿನಲ್ಲಿ ಇನ್ನೊಂದು ಕಿಂಡಿ ಇತ್ತು. ಕೆಲಸದ ಷರತ್ತಿನ ಪ್ರಕಾರ ನೌಕರ ತನ್ನ ಸಂಬಳದಿಂದಲೇ ಮಾಡಬೇಕಾದ, ಕರ್ತವ್ಯಕ್ಕೆ ಪೂರ್ತಿಯಾಗಿ, ಅಗತ್ಯವಾಗಿ ಮತ್ತು ಅದೊಂದಕ್ಕೇ ಮೀಸಲಾದ ಖರ್ಚನ್ನು ಕಳೆಯಬಹುದಿತ್ತು. ಈ ಮೂರು ಮಾತುಗಳ ಜರಡಿಯಲ್ಲಿ ಉಳಿಯುವ ಖರ್ಚು ಕಡಿಮೆಯೇ. ಬಾಕಿ ಸಂಬಳಕ್ಕಾಗಿ ಯಜಮಾನನ ಮೇಲೇ ಹಾಕಿದ ಕೇಸಿನ ಖರ್ಚು ‘ಕರ್ತವ್ಯದ ನಿರ್ವಹಣೆ’ ಹೇಗಾದೀತು ಎಂಬ ಪ್ರಶ್ನೆ ಆಗಲೂ ಏಳುತ್ತಿತ್ತು. ಆದರೂ ವಾದಿಸಲು ಒಂದು ಎಳೆಯಾದರೂ ಇತ್ತು. 1974ರ ತಿದ್ದುಪಡಿ ಆ ಬಿಡಿ ಖರ್ಚುಗಳ ಲೆಕ್ಕವನ್ನು ಕೈಬಿಟ್ಟು, ಎಲ್ಲರಿಗೂ ಒಂದೇ ಅಳತೆಯ ಸ್ಟ್ಯಾಂಡರ್ಡ್ ಡಿಡಕ್ಷನ್ ತಂದಿತು. ಈಗ ಯಾರಾದರೂ ಸಂಬಳದಾರರ ಖರ್ಚಿನ ಮಾತೆತ್ತಿದರೆ ಸಿಗುವ ಸಿದ್ಧ ಉತ್ತರವೂ ಅದೇ: ನಿಮ್ಮ ಎಲ್ಲ ಖರ್ಚಿಗೂ ಸೇರಿಸಿ 75,000 ಕೊಟ್ಟಾಗಿದೆಯಲ್ಲ, ಇನ್ನೇನು ಬೇಕು?

ಈ ಉತ್ತರ ಇತಿಹಾಸದ ಎದುರು ನಿಲ್ಲುವುದಿಲ್ಲ. 2005ರ ಬಜೆಟ್ಟು ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನೇ ತೆಗೆದುಹಾಕಿತು. ಅದು ವಾಪಸು ಬಂದದ್ದು 2018ರ ಬಜೆಟ್ಟಿನಲ್ಲಿ, 40,000 ರೂಪಾಯಿಯಾಗಿ. ನಡುವಿನ 13 ವರ್ಷ ಸಂಬಳದಾರನಿಗೆ ಬಿಡಿ ಖರ್ಚಿನ ಕಡಿತವೂ ಇರಲಿಲ್ಲ, ಅದರ ಬದಲಿಗೆಂದು ಕೊಟ್ಟಿದ್ದೂ ಇರಲಿಲ್ಲ. 2005ರಲ್ಲಿ ತೆರಿಗೆ ಇಲ್ಲದ ಆದಾಯದ ಮಿತಿಯನ್ನು 1 ಲಕ್ಷಕ್ಕೆ ಏರಿಸಲಾಯಿತು ಎಂಬುದು ನಿಜ. ಆದರೆ ಆ ಏರಿಕೆ ಅಂಗಡಿಯವನಿಗೂ ವಕೀಲರಿಗೂ ಸಿಕ್ಕಿತು, ಅವರ ಖರ್ಚಿನ ಕಡಿತಗಳನ್ನು ಯಾರೂ ಮುಟ್ಟಲಿಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ಎಂಬುದು ನೌಕರನ ಖರ್ಚಿನ ಅಂದಾಜು ಎನ್ನುವುದಕ್ಕಿಂತ, ಬಜೆಟ್ಟಿನ ಕಾಲಕ್ಕೆ ಹಿಗ್ಗಿಸಿ ಕುಗ್ಗಿಸುವ ರಿಯಾಯಿತಿ ಎನ್ನುವುದೇ ಸರಿ. ಒಂದು ಪೈಸೆ ಖರ್ಚಿಲ್ಲದವನಿಗೂ ಅದು ಸಿಗುತ್ತದೆ. ವಜಾ ಆಗಿ ಮೂರು ವರ್ಷ ಕೋರ್ಟಿಗೆ ಅಲೆದವನಿಗೂ ಅಷ್ಟೇ ಸಿಗುತ್ತದೆ. ಹಳಬರು ಕೆಲವರು ‘ಹಿಂದೆ ವಕೀಲರ ಫೀಸು ಕಳೆಯುತ್ತಿದ್ದೆವು’ ಎಂದು ನೆನಪಿಸಿಕೊಳ್ಳುವುದುಂಟು. ಅವರು ಹೇಳುವುದು ಬಹುಶಃ ಸೆಕ್ಷನ್ 80ವಿವಿಯನ್ನು. ತೆರಿಗೆ ಇಲಾಖೆಯ ಮುಂದಿನ ವ್ಯಾಜ್ಯಗಳಿಗೆ ಮಾತ್ರ, ಅದೂ 5,000 ರೂಪಾಯಿವರೆಗೆ ಸಿಗುತ್ತಿದ್ದ ಆ ಕಡಿತ 1986ರ ಏಪ್ರಿಲ್‌ನಲ್ಲೇ ಮುಗಿದುಹೋಯಿತು.

ಇನ್ನೊಂದು ವಾದವನ್ನು ಓದಿದವರೇ ಮುಂದಿಡುತ್ತಾರೆ. ಹತ್ತು ಲಕ್ಷದ ಪರಿಹಾರದಲ್ಲಿ ಎರಡು ಲಕ್ಷ ನೇರ ವಕೀಲರಿಗೇ ಹೋಯಿತು. ನನ್ನ ಕೈಗೆ ಬಂದದ್ದು ಎಂಟು, ಹಾಗಿದ್ದಮೇಲೆ ನನ್ನ ಆದಾಯ ಎಂಟೇ ತಾನೇ? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸುಪ್ರೀಂ ಕೋರ್ಟ್ ಸೀತಲ್‌ದಾಸ್ ತೀರಥ್‌ದಾಸ್ ಪ್ರಕರಣದಲ್ಲಿ ಹಾಕಿದ ಗೆರೆ ಇಲ್ಲಿ ಅಡ್ಡ ಬರುತ್ತದೆ. ಕೋರ್ಟಿನ ಡಿಕ್ರಿಯಂತೆ ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಟ್ಟವರು ಆ ಮೊತ್ತವನ್ನು ತಮ್ಮ ಆದಾಯದಿಂದ ಬಿಡಬೇಕೆಂದು ಕೇಳಿದ್ದರು. ಆದಾಯ ನಿಮ್ಮ ಕೈ ಸೇರುವ ಮೊದಲೇ ಬೇರೆಯವರ ಹಕ್ಕಿನಿಂದ ಪಕ್ಕಕ್ಕೆ ಹರಿದುಹೋಗುವುದು ಬೇರೆ, ನಿಮ್ಮದಾದ ಮೇಲೆ ನಿಮ್ಮ ಹೊಣೆ ತೀರಿಸಲು ಖರ್ಚಾಗುವುದು ಬೇರೆ ಎಂದಿತು ಕೋರ್ಟು. ಕಾಲುವೆಯ ನೀರನ್ನು ಮೇಲಿನ ತೂಬಿನಲ್ಲೇ ಬೇರೆ ಗದ್ದೆಗೆ ತಿರುಗಿಸುವುದಕ್ಕೂ, ನಿಮ್ಮ ಗದ್ದೆಗೆ ಬಂದ ಮೇಲೆ ನೆರೆಯವರಿಗೆ ಎರಡು ಕೊಡ ಕೊಡುವುದಕ್ಕೂ ಇರುವ ವ್ಯತ್ಯಾಸ ಇದು. ವಕೀಲರ ಫೀಸು ಎರಡನೆಯ ಬಗೆಯದು. ನಮ್ಮಲ್ಲಂತೂ ಮೊದಲನೆಯ ಬಗೆಯೆಂದು ವಾದಿಸಲು ಇನ್ನೂ ಕಷ್ಟ. ಕೇಸು ಗೆದ್ದರೆ ಇಷ್ಟು ಪಾಲು ಎಂಬ ಕರಾರನ್ನೇ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳು ವಕೀಲರಿಗೆ ನಿಷೇಧಿಸಿವೆ. ನಿಷೇಧಿತ ಕರಾರನ್ನು ಆಧಾರವಾಗಿ ಹಿಡಿದು ತೆರಿಗೆ ಕಚೇರಿಯಲ್ಲಿ ರಿಯಾಯಿತಿ ಕೇಳಲು ಯಾವ ವಕೀಲರೂ ನಿಮ್ಮ ಜೊತೆ ಬರಲಾರರು.

ಇದರ ಪೆಟ್ಟು ಎಷ್ಟೆಂದು ಒಮ್ಮೆ ಲೆಕ್ಕ ಹಾಕೋಣ. ಬೆಂಗಳೂರಿನ ಸಾಫ್ಟ್‌ವೇರ್ ನೌಕರರೊಬ್ಬರಿಗೆ ಈಗಿನ ಕೆಲಸದ ಆದಾಯವೇ ಹೊಸ ಪದ್ಧತಿಯ ಕೊನೆಯ ಸ್ಲ್ಯಾಬ್ ಶುರುವಾಗುವ 24 ಲಕ್ಷ ದಾಟಿದೆ. ಹಳೆಯ ಕಂಪನಿ ತಡೆಹಿಡಿದಿದ್ದ ಸಂಬಳಕ್ಕಾಗಿ ಹೋರಾಡಿ 12 ಲಕ್ಷ ಪಡೆದರು, ವಕೀಲರಿಗೆ 2.5 ಲಕ್ಷ ಕೊಟ್ಟರು. ಸೆಸ್ ಸೇರಿ 31.2 ಶೇಕಡಾ ದರದಲ್ಲಿ 12 ಲಕ್ಷಕ್ಕೆ ತೆರಿಗೆ 3,74,400. ಕೈಯಲ್ಲಿ ಉಳಿದದ್ದು 5,75,600, ಅಂದರೆ ಗೆದ್ದದ್ದರ ಅರ್ಧಕ್ಕಿಂತ ಕಡಿಮೆ. ಫೀಸು ಕಳೆಯಲು ಅವಕಾಶವಿದ್ದಿದ್ದರೆ 78,000 ರೂಪಾಯಿ ಹೆಚ್ಚು ಉಳಿಯುತ್ತಿತ್ತು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಕಟ್ಟಿದವರು ಐಟಿ ಕಾಯಿದೆ ನೋಡಿರಲಿಲ್ಲ. ನೋಡಿದ್ದರೆ ಇನ್ನೊಂದು ಸಾಲು ಸೇರಿಸುತ್ತಿದ್ದರು. ಹಾಗಾಗಿ ಪರಿಹಾರದ ಮೊತ್ತ ಮಾತಾಡಲು ಕೂರುವ ಮುಂಚೆಯೇ ಈ ಕೂಡು-ಕಳೆ ಮುಗಿದಿರಬೇಕು. ಎದುರು ಕಡೆಯವರು ‘12 ಲಕ್ಷಕ್ಕೆ ಮುಗಿಸೋಣ’ ಎಂದಾಗ ನಿಮ್ಮ ಕಿವಿಗೆ ಕೇಳಬೇಕಾದದ್ದು ಐದೂಮುಕ್ಕಾಲು ಲಕ್ಷ.

ಫೀಸಿನ ಬಾಗಿಲು ಮುಚ್ಚಿದೆ ಎಂದಮೇಲೆ ತೆರೆದಿರುವ ಬಾಗಿಲುಗಳನ್ನು ನೋಡಬೇಕು. ಜನ ಇಲ್ಲದ ಕಡಿತದ ಹಿಂದೆ ಓಡಿ, ಇರುವ ರಿಯಾಯಿತಿಯನ್ನು ಮರೆಯುತ್ತಾರೆ. ಆ ರಿಯಾಯಿತಿ ಸೆಕ್ಷನ್ 89ರದ್ದು. ಹಲವು ವರ್ಷಗಳ ಬಾಕಿ ಸಂಬಳ ಒಂದೇ ವರ್ಷ ಕೈಗೆ ಬಂದು ತೆರಿಗೆ ಏರಿದರೆ, ಆ ಏರಿಕೆಯನ್ನು ಇಳಿಸುವ ಲೆಕ್ಕ ಅದು. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯಲ್ಲಿ, ನೌಕರರ ಬಾಯಲ್ಲಿ ಕೆಎಟಿಯಲ್ಲಿ, ಮುಂಬಡ್ತಿಗಾಗಿ ಕೇಸು ಹಾಕಿ ಗೆದ್ದ ಶಿಕ್ಷಕಿಯೊಬ್ಬರನ್ನು ನೆನೆಸಿಕೊಳ್ಳಿ. ಅವರ ಈ ವರ್ಷದ ತೆರಿಗೆಗೆ ಒಳಪಡುವ ಆದಾಯ 10 ಲಕ್ಷ. 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಆರು ವರ್ಷದ ಬಾಕಿ 6 ಲಕ್ಷ ಒಟ್ಟಿಗೆ ಬಂತು. ಆದಾಯ 16 ಲಕ್ಷವಾಗಿ ರಿಬೇಟ್ ಹಾರಿಹೋಯಿತು, ತೆರಿಗೆ 1,24,800 ಬಿತ್ತು. ಆಯಾ ವರ್ಷದ ಬಾಕಿಯನ್ನು ಆಯಾ ವರ್ಷಕ್ಕೇ ಸೇರಿಸಿ, ಆಗಿನ ದರದಲ್ಲಿ ಲೆಕ್ಕ ಹಾಕಿದಾಗ ಒಟ್ಟು 62,400 ಆಗುತ್ತಿತ್ತು ಎಂದಿಟ್ಟುಕೊಂಡರೆ, ಉಳಿದ 62,400 ಸೆಕ್ಷನ್ 89ರಲ್ಲಿ ಮನ್ನಾ ಆಗುತ್ತದೆ. ಕೆಎಟಿ ವಕೀಲರಿಗೆ ಅವರು ಕೊಟ್ಟದ್ದು 60,000 ಎಂದುಕೊಳ್ಳಿ; ಅದನ್ನು ಕಳೆಯಲು ಬಿಟ್ಟಿದ್ದರೂ ಉಳಿಯುತ್ತಿದ್ದದ್ದು 9,360 ರೂಪಾಯಿ ಮಾತ್ರ. ಹಳೆಯ ವರ್ಷಗಳ ದರವೇ ಹೆಚ್ಚಿದ್ದರೆ ಈ ರಿಯಾಯಿತಿ ಸೊನ್ನೆಯೂ ಆಗಬಹುದು, ಅದಕ್ಕೇ ಲೆಕ್ಕ ಹಾಕಿಯೇ ನೋಡಬೇಕು. ಒಂದು ಎಚ್ಚರ: ಈ ಲೆಕ್ಕವನ್ನು ಫಾರ್ಮ್ 10ಇಯಲ್ಲಿ ತುಂಬಿ ರಿಟರ್ನ್‌ಗಿಂತ ಮೊದಲೇ ಪೋರ್ಟಲ್‌ಗೆ ಹಾಕಬೇಕು, ಹೊಸ ಕಾಯಿದೆಯ ರಿಟರ್ನ್‌ಗೆ ಅದರ ಹೊಸ ಹೆಸರನ್ನು ಪೋರ್ಟಲ್ಲಿನಲ್ಲೇ ನೋಡಿಕೊಳ್ಳಿ. ಫಾರ್ಮ್ ಇಲ್ಲದೆ ರಿಟರ್ನ್‌ನಲ್ಲಿ ಮಾತ್ರ ರಿಯಾಯಿತಿ ಬರೆದವರಿಗೆ ಅದು ತಿರಸ್ಕಾರವಾಗಿ, ಬಾಕಿ ಕಟ್ಟಿ ಎಂಬ ನೋಟಿಸು ಬರುತ್ತದೆ.

ಕೆಲಸ ಹೋದ ಸಂದರ್ಭದ ರಾಜಿಯಲ್ಲಿ ಇನ್ನೊಂದು ಅಂಶ ಮುಖ್ಯ. ರಾಜಿ ಪತ್ರದಲ್ಲಿ ‘ಎಲ್ಲ ಬಾಬ್ತು ಸೇರಿ 15 ಲಕ್ಷ’ ಎಂದು ಒಂದೇ ಸಾಲು ಬರೆಸಿಕೊಂಡು ಬರುವವರು ತಮ್ಮ ಕಾಲಿಗೆ ತಾವೇ ಕಲ್ಲು ಹಾಕಿಕೊಂಡಂತೆ. ಕೆಲಸದಿಂದ ಬಿಡುಗಡೆ ಮಾಡುವಾಗ ಕೊಡುವ ಪರಿಹಾರವನ್ನು ಕಾಯಿದೆ ಸಂಬಳದ ಬದಲಿಗೆ ಬಂದ ಲಾಭವೆಂದೇ ಎಣಿಸುತ್ತದೆ, ಪೂರ್ತಿ ತೆರಿಗೆ ಹಾಕುತ್ತದೆ. ಆದರೆ ಅದೇ ಮೊತ್ತದಲ್ಲಿ ಗ್ರಾಚ್ಯುಟಿ ಇದ್ದರೆ 20 ಲಕ್ಷದವರೆಗೆ, ನಿವೃತ್ತಿ ಅಥವಾ ಬಿಡುಗಡೆಯ ವೇಳೆ ಸಿಗುವ ರಜೆ ನಗದೀಕರಣ ಇದ್ದರೆ 25 ಲಕ್ಷದವರೆಗೆ, ಕಾರ್ಮಿಕ ಎಂಬ ಕಾನೂನಿನ ವ್ಯಾಖ್ಯೆಗೆ ಒಳಪಡುವವರ ರಿಟ್ರೆಂಚ್‌ಮೆಂಟ್ ಪರಿಹಾರವಿದ್ದರೆ 5 ಲಕ್ಷದವರೆಗೆ ಅವುಗಳದೇ ಸೂತ್ರದಂತೆ ವಿನಾಯಿತಿ ಇದೆ; ಹೊಸ ಪದ್ಧತಿಯಲ್ಲೂ ಇದೆ. ನಿಜವಾಗಿ ಸಲ್ಲಬೇಕಾದದ್ದನ್ನು ಬಾಬ್ತುವಾರು ಬಿಡಿಸಿ ಬರೆಸಿ. ಇಲ್ಲದ ಗ್ರಾಚ್ಯುಟಿಯನ್ನು ಹುಟ್ಟಿಸಿ ಎಂದಲ್ಲ. ಅರ್ಹತೆಗೆ ಬೇಕಾದಷ್ಟು ವರ್ಷ ಸೇವೆ ಆಗದವರ ಪತ್ರದಲ್ಲಿ ಗ್ರಾಚ್ಯುಟಿ ಕಂಡರೆ ಅಧಿಕಾರಿ ಹುಬ್ಬೇರಿಸುತ್ತಾರೆ. ಕೋರ್ಟು ವ್ಯಾಜ್ಯದ ವೆಚ್ಚವನ್ನೇ ಪ್ರತ್ಯೇಕವಾಗಿ ಕೊಡಿಸಿದ್ದರೆ ಆದೇಶದಲ್ಲಿ ಅದು ಬೇರೆ ಸಾಲಾಗಿಯೇ ಇರಲಿ. ಅದು ಸಂಬಳವಲ್ಲ, ಮಾಡಿದ ಖರ್ಚಿನ ವಾಪಸಾತಿ ಎಂದು ವಾದಿಸಲು ಆಗ ಜಾಗ ಸಿಗುತ್ತದೆ. ನೋಟಿಸ್ ಪೀರಿಯಡ್ ಪೂರೈಸದ್ದಕ್ಕೆ ಕಂಪನಿ ಹಿಡಿದುಕೊಂಡ ಹಣದ ಬಗ್ಗೆ ಅಹಮದಾಬಾದಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ನೌಕರನ ಪರ ತೀರ್ಪು ಕೊಟ್ಟಿದೆ, ಕೈಗೇ ಬರದ ಸಂಬಳಕ್ಕೆ ತೆರಿಗೆ ಇಲ್ಲವೆಂದು. ಅದು ಎಲ್ಲ ಅಧಿಕಾರಿಗಳನ್ನೂ ಕಟ್ಟಿಹಾಕುವ ತೀರ್ಪಲ್ಲ, ಆದರೆ ಕೈಯಲ್ಲಿ ಹಿಡಿದು ಹೋಗಲು ಒಳ್ಳೆಯ ಕಾಗದ.

ಹಾಗಾದರೆ ಫೀಸನ್ನು ಕಂಪನಿಯೇ ನೇರವಾಗಿ ವಕೀಲರಿಗೆ ಕೊಟ್ಟುಬಿಟ್ಟರೆ? ನೌಕರ ಕೊಡಬೇಕಿದ್ದ ಹಣವನ್ನು ಯಜಮಾನ ಕೊಟ್ಟರೆ ಅದೂ ಸೌಲಭ್ಯವೇ ಎನ್ನುತ್ತದೆ ಸೆಕ್ಷನ್ 17(2). ಆ ಮೊತ್ತ ಸಂಬಳಕ್ಕೆ ಸೇರಿ ತೆರಿಗೆಗೆ ಬೀಳುತ್ತದೆ. ನೀವೂ ಕಂಪನಿಯೂ ಎದುರುಬದುರಾಗಿ ನಿಂತ ಕೇಸಿನಲ್ಲಿ ಇದರಿಂದ ಪಾರಾಗುವುದು ಕಷ್ಟ. ಆದರೆ ಕಂಪನಿಯ ಕೆಲಸ ಮಾಡುವಾಗ ಮೂರನೆಯವರು ನಿಮ್ಮ ಮೇಲೆ ಹಾಕಿದ ಕೇಸು ಬೇರೆ ಕಥೆ. ಅಲ್ಲಿ ಕಾಪಾಡಿಕೊಳ್ಳಬೇಕಾದದ್ದು ಕಂಪನಿಯ ವ್ಯವಹಾರವನ್ನೇ. ಆ ಹೊಣೆ ಮೊದಲಿನಿಂದಲೂ ಕಂಪನಿಯದು ಎಂದು ತೋರಿಸಿದರೆ ‘ನೌಕರ ಕೊಡಬೇಕಿದ್ದ ಹಣ’ ಎಂಬ ಮಾತೇ ಹುಟ್ಟುವುದಿಲ್ಲ. ತೋರಿಸುವುದಕ್ಕೆ ನೇಮಕಾತಿ ಪತ್ರದಲ್ಲಿ ಅಂಥದ್ದೊಂದು ಷರತ್ತು ಬೇಕು, ವಕೀಲರ ಬಿಲ್ಲು ಕಂಪನಿಯ ಹೆಸರಿನಲ್ಲಿ ಇರಬೇಕು.

ಈಗ ಕ್ಲಿನಿಕ್ಕಿನ ಡಾಕ್ಟರ ಕಡೆಗೆ ಬರೋಣ. ಸ್ವಂತ ವೃತ್ತಿ, ವ್ಯಾಪಾರ ಮಾಡುವವರಿಗೆ ಆಸರೆ ಸೆಕ್ಷನ್ 37(1). ವೃತ್ತಿಗಾಗಿ ಪೂರ್ತಿಯಾಗಿ ಮತ್ತು ಅದೊಂದಕ್ಕೇ ಮಾಡಿದ ಖರ್ಚು, ಸ್ವಂತದ್ದಾಗಿರಬಾರದು, ಬಂಡವಾಳದ್ದಾಗಿರಬಾರದು. ಹಳೆಯ ಸಂಬಳದ ಕಿಂಡಿಯಲ್ಲಿದ್ದ ‘ಅಗತ್ಯವಾಗಿ’ ಎಂಬ ಮಾತು ಇಲ್ಲಿಲ್ಲ ಎಂಬುದನ್ನು ಗಮನಿಸಬೇಕು. ವಕೀಲರನ್ನು ಹಿಡಿಯುವ ಅಗತ್ಯವಿತ್ತೇ ಎಂದು ಅಧಿಕಾರಿ ಕೇಳುವಂತಿಲ್ಲ. ಮಧುರೈನ ಶ್ರೀ ಮೀನಾಕ್ಷಿ ಮಿಲ್ಸ್ ಪ್ರಕರಣದಲ್ಲಿ, ವ್ಯಾಪಾರವನ್ನು ಕಾಪಾಡಿಕೊಳ್ಳಲು ತಾವೇ ಹೂಡಿದ ಸಿವಿಲ್ ದಾವೆಯ ಖರ್ಚನ್ನೂ ಸುಪ್ರೀಂ ಕೋರ್ಟ್ ಒಪ್ಪಿತು. 1973ರ ಧನರಾಜಗೀರ್‌ಜಿ ಪ್ರಕರಣದಲ್ಲಿ ಕ್ರಿಮಿನಲ್ ಕೇಸಿನ ಖರ್ಚನ್ನೂ ಒಪ್ಪಿ, ಯಾರು ಯಾವ ಖರ್ಚು ಮಾಡಬೇಕೆಂದು ಇಲಾಖೆ ಹೇಳಿಕೊಡಬೇಕಿಲ್ಲ ಎಂಬ ಧಾಟಿಯಲ್ಲಿ ಮಾತಾಡಿತು. ಆದರೆ ಅದೇ ಕೋರ್ಟು 1953ರಲ್ಲಿ ಎಚ್. ಹಿರ್ಜಿ ಎಂಬ ಕಾಗದದ ವ್ಯಾಪಾರಿ ಹೆಚ್ಚು ಬೆಲೆಗೆ ಮಾರಿದ ಆರೋಪದ ವಿರುದ್ಧ ಹೋರಾಡಿದ ಖರ್ಚನ್ನು ಒಪ್ಪಿರಲಿಲ್ಲ. ಶಿಕ್ಷೆಯಿಂದ ತನ್ನನ್ನು ತಾನು ಉಳಿಸಿಕೊಳ್ಳುವ ಉದ್ದೇಶವೂ ಅದರಲ್ಲಿ ಬೆರೆತಿತ್ತು ಎಂಬುದು ಅಲ್ಲಿನ ತೊಡಕು. ಆ ತೀರ್ಪಿನ ಒಂದು ಮಾತು ಇಂದಿಗೂ ಉಪಯುಕ್ತ: ಕೇಸಿನ ಸೋಲು ಗೆಲುವಿನಿಂದ ಖರ್ಚಿನ ಹಣೆಬರಹ ತೀರ್ಮಾನವಾಗುವುದಿಲ್ಲ, ಕೇಸಿನ ಸ್ವರೂಪ ಮತ್ತು ಉದ್ದೇಶದಿಂದ ಆಗುತ್ತದೆ. ‘ಅದೊಂದಕ್ಕೇ’ ಎಂಬ ಪದದ ಬಿಗಿ ಎಷ್ಟೆಂದು ತಿಳಿಯಲು ಹೆಸರಾಂತ ವಕೀಲ ಶಾಂತಿ ಭೂಷಣ್ ಅವರ ಪ್ರಕರಣ ನೋಡಬೇಕು. ತಮ್ಮ ಹೃದಯದ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಅವರು ವೃತ್ತಿಯ ಖರ್ಚೆಂದು ಕೇಳಿದ್ದರು. ಹೃದಯವನ್ನು ವೃತ್ತಿಯ ಯಂತ್ರದಂತೆ ಪರಿಗಣಿಸಬಹುದೇ ಎಂಬಲ್ಲಿಯವರೆಗೂ ಚರ್ಚೆ ಹೋಯಿತು. ದೆಹಲಿ ಹೈಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ಬದುಕುವುದಕ್ಕೇ ಬೇಕಾದ ಹೃದಯ ವಕೀಲಿಕೆಗೆಂದೇ ಮೀಸಲಲ್ಲ, ಅಷ್ಟೇ.

ನೀವು ಯಾವ ಖಾನೆಯವರು ಎಂಬುದೇ ಕೆಲವೊಮ್ಮೆ ವಿವಾದ. ದೊಡ್ಡ ಆಸ್ಪತ್ರೆಗಳ ಅನೇಕ ಡಾಕ್ಟರುಗಳು, ಐಟಿ ಕಂಪನಿಗಳಿಗೆ ದುಡಿಯುವ ಅನೇಕ ಇಂಜಿನಿಯರುಗಳು ಕನ್ಸಲ್ಟಂಟ್ ಎಂಬ ಹೆಸರಿನಲ್ಲಿದ್ದಾರೆ. ಮಣಿಪಾಲ್ ಹೆಲ್ತ್ ಸಿಸ್ಟಮ್ಸ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2015ರಲ್ಲಿ ಒಪ್ಪಂದದ ಷರತ್ತುಗಳನ್ನು ಪರಿಶೀಲಿಸಿ, ಅಂಥ ಕನ್ಸಲ್ಟಂಟ್ ಡಾಕ್ಟರುಗಳಿಗೆ ಕೊಟ್ಟದ್ದು ಸಂಬಳವಲ್ಲ, ವೃತ್ತಿ ಶುಲ್ಕ ಎಂದಿತು. ನಿಮ್ಮ ಹಣಕ್ಕೆ ಟಿಡಿಎಸ್ ಯಾವ ಸೆಕ್ಷನ್ನಿನಲ್ಲಿ ಹಿಡಿದಿದ್ದಾರೆಂದು ಫಾರ್ಮ್ 26ಎಎಸ್‌ನಲ್ಲಿ ನೋಡಿ. 192 ಎಂದಿದ್ದರೆ ಸಂಬಳ. 194ಜೆ ಎಂದಿದ್ದರೆ ವೃತ್ತಿ, ವಕೀಲರ ಫೀಸಿನ ಬಾಗಿಲು ತೆರೆದಿದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡರೆ ಎಲ್ಲ ಕಡಿತವೂ ಹೋಯಿತೆಂಬ ತಪ್ಪು ತಿಳಿವಳಿಕೆ ಇದೆ. ವೃತ್ತಿಯ ಖರ್ಚು ಅಲ್ಲಿಯೂ ಕಳೆಯುತ್ತದೆ. ಆ ಕಡಿತ ಕೈತಪ್ಪುವುದು ಸೆಕ್ಷನ್ 44ಎಡಿಎಯಲ್ಲಿ. ಲೆಕ್ಕಪುಸ್ತಕದ ತಾಪತ್ರಯ ಬೇಡವೆಂದು ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ಘೋಷಿಸುವವರಿಗೆ ಉಳಿದರ್ಧದಲ್ಲೇ ಎಲ್ಲ ಖರ್ಚೂ ಸೇರಿಹೋಯಿತು, ವಕೀಲರ ಫೀಸೂ ಸಹ. ದೊಡ್ಡ ಕೇಸು ನಡೆದ ವರ್ಷ ಲೆಕ್ಕಪುಸ್ತಕ ಇಟ್ಟು ಐಟಿಆರ್-3 ತುಂಬುವುದು ಲಾಭವೇ ಎಂದು ಆಡಿಟರನ್ನು ಕೇಳಿ.

ವೃತ್ತಿಯವರೂ ಎಡವುವುದು ಸಣ್ಣ ಸಂಗತಿಗಳಲ್ಲಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿ ತಿರಸ್ಕೃತ. ಕೋರ್ಟಿನ ವರಾಂಡದಲ್ಲಿ ಗುಮಾಸ್ತರ ಕೈಗೆ ಕೊಟ್ಟ ನೋಟಿನ ಕಟ್ಟಿಗೆ ರಿಟರ್ನ್‌ನಲ್ಲಿ ಬೆಲೆಯಿಲ್ಲ. ಹಿಂದಿನ ವರ್ಷದ ವೃತ್ತಿ ಗಳಿಕೆ 50 ಲಕ್ಷ ದಾಟಿದ್ದರೆ, ವಕೀಲರಿಗೆ ವರ್ಷಕ್ಕೆ 50,000 ಮೀರಿ ಕೊಡುವಾಗ 10 ಶೇಕಡಾ ಟಿಡಿಎಸ್ ಹಿಡಿಯಬೇಕು. ಮರೆತರೆ ಖರ್ಚಿನ 30 ಶೇಕಡಾ ಕೈತಪ್ಪುತ್ತದೆ. ಕ್ಲಿನಿಕ್ಕಿನ ನಿವೇಶನ ಕೊಳ್ಳುವಾಗ ಪತ್ರ ಪರಿಶೀಲಿಸಿದ ವಕೀಲರ ಫೀಸು ಬಂಡವಾಳದ ಖರ್ಚು, ಆಸ್ತಿಯ ಬೆಲೆಗೆ ಸೇರಬೇಕು. ದಂಡ ಕಟ್ಟಿದ್ದನ್ನು ಕಳೆಯುವಂತಿಲ್ಲ. ಸೆಬಿ, ಸ್ಪರ್ಧಾ ಆಯೋಗದಂಥವರ ಮುಂದೆ ರಾಜಿಗೆಂದು ಕಟ್ಟಿದ ಮೊತ್ತವನ್ನೂ ಈಗ ಕಾಯಿದೆ ಅದೇ ಸಾಲಿಗೆ ಸೇರಿಸಿದೆ.

ಸಂಬಳದಾರರಿಗೆ ಇಲ್ಲಿ ಒಂದು ಆಸೆ ಹುಟ್ಟುವುದು ಸಹಜ. ವಾರಾಂತ್ಯದಲ್ಲಿ ಟ್ಯೂಷನ್ನೋ ಫ್ರೀಲಾನ್ಸೋ ಮಾಡಿ 40,000 ಗಳಿಸಿದ್ದಾರೆ. ಕಂಪನಿ ಮೇಲಿನ ಕೇಸಿನ ಫೀಸನ್ನು ಆ ಖಾನೆಗೆ ತಳ್ಳಿಬಿಟ್ಟರೆ? ತಳ್ಳಬಹುದು, ನಿಲ್ಲುವುದಿಲ್ಲ. ಆ ಖರ್ಚು ಟ್ಯೂಷನ್ನಿಗಾಗಿ ಆದದ್ದಲ್ಲ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಸುಳ್ಳು ಕಡಿತಗಳ ಜಾಲ ಹುಡುಕಿ ದೇಶದ 150 ಕಡೆ ತಪಾಸಣೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ 1,045 ಕೋಟಿ ರೂಪಾಯಿಯ ತಪ್ಪು ಕ್ಲೇಮುಗಳನ್ನು ತಾವಾಗಿ ಹಿಂತೆಗೆದುಕೊಂಡಿದ್ದರೆಂದು ತಿಳಿಸಿತು. ಆದಾಯ ಕಡಿಮೆ ತೋರಿಸಿದರೆ ತಪ್ಪಿದ ತೆರಿಗೆಯ ಅರ್ಧದಷ್ಟು ದಂಡ. ಸುಳ್ಳು ಲೆಕ್ಕ ಕೊಟ್ಟದ್ದು ರುಜುವಾತಾದರೆ ಎರಡು ಪಟ್ಟು. ಈಗಾಗಲೇ ತಪ್ಪಿದವರಿಗೆ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಲು 48 ತಿಂಗಳ ಅವಧಿ ಇದೆ. ಮೊದಲ 12 ತಿಂಗಳಲ್ಲಿ ಆದರೆ ಹೆಚ್ಚುವರಿ ಹೊರೆ 25 ಶೇಕಡಾ, ಕೊನೆಯ ವರ್ಷಕ್ಕೆ ಅದು 70ಕ್ಕೆ ಏರುತ್ತದೆ.

ಕಾಯಿದೆ ಹೀಗಿರುವುದಕ್ಕೆ ಸಮರ್ಥನೆಯೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೋಟಿಗಟ್ಟಲೆ ಸಂಬಳದಾರರು ಒಂದೊಂದು ಬಿಲ್ಲು ಲಗತ್ತಿಸಿದರೆ ಪರಿಶೀಲಿಸುವವರು ಯಾರು? ಬಾಗಿಲು ತೆರೆದ ಮರುವರ್ಷವೇ ನಕಲಿ ವಕೀಲ ಬಿಲ್ಲುಗಳ ಅಂಗಡಿ ಏಳುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ನಾನಿಲ್ಲಿ ಕಡಿತ ಕೇಳುತ್ತಿರುವುದು ಎಲ್ಲ ಖರ್ಚಿಗಲ್ಲ, ಬಾಕಿ ಸಂಬಳ ವಸೂಲಿಯ ವ್ಯಾಜ್ಯಕ್ಕೆ ಮಾತ್ರ. ಅಲ್ಲಿ ಕೋರ್ಟಿನ ಆದೇಶ ಇರುತ್ತದೆ, ಕೇಸಿನ ನಂಬರು ಇರುತ್ತದೆ, ವಸೂಲಾದ ಹಣಕ್ಕೆ ಟಿಡಿಎಸ್ ಇರುತ್ತದೆ. ಕೆನಡಾದಲ್ಲಿ ಸಂಬಳ ವಸೂಲಿಗೆ ಅಥವಾ ಅದರ ಹಕ್ಕು ಸ್ಥಾಪಿಸಲು ಕೊಟ್ಟ ವಕೀಲರ ಫೀಸನ್ನು ನೌಕರರು ಕಳೆಯಬಹುದು. ಕೆಲಸ ಬಿಡುವಾಗಿನ ಪರಿಹಾರಕ್ಕೆ ಕೊಟ್ಟದ್ದನ್ನು ಸಿಕ್ಕ ಮೊತ್ತದ ಮಿತಿಯೊಳಗೆ ಕಳೆದು, ಮಿಕ್ಕದ್ದನ್ನು ಏಳು ವರ್ಷ ಮುಂದಕ್ಕೂ ಒಯ್ಯಬಹುದು. ಗಳಿಸಿದ್ದಕ್ಕಿಂತ ಹೆಚ್ಚು ಕಳೆಯುವಂತಿಲ್ಲ ಎಂಬ ಆ ಒಂದು ಮಿತಿಯೇ ಅರ್ಧ ಮೋಸವನ್ನು ತಡೆಯುತ್ತದೆ. ನಮ್ಮಲ್ಲಿಯೂ ಫಾರ್ಮ್ 10ಇಯಲ್ಲೇ ಇನ್ನೊಂದು ಸಾಲು ಸೇರಿಸಿದರೆ ಆದೀತು. ಅಮೆರಿಕದಲ್ಲಿರುವ ಕನ್ನಡಿಗರು ಮಾತ್ರ ಅಲ್ಲಿಯೂ ಕೆನಡಾದಷ್ಟು ಉದಾರತೆ ಇದೆಯೆಂದು ಭಾವಿಸಬಾರದು. ತಾರತಮ್ಯ ಮತ್ತಿತರ ಕೆಲವು ಬಗೆಯ ಕೇಸುಗಳ ಫೀಸು ಮಾತ್ರ ಅಲ್ಲಿ ಕಳೆಯುತ್ತದೆ. ಉಳಿದ ನೌಕರಿ ಖರ್ಚುಗಳ ಕಡಿತವನ್ನು 2018ರಿಂದ ನಿಲ್ಲಿಸಿ, 2025ರ ಕಾನೂನಿನಲ್ಲಿ ಅದನ್ನೇ ಶಾಶ್ವತಗೊಳಿಸಿದರು.

ಕಳೆಯಲಾಗದ ಖರ್ಚನ್ನು ಹುಟ್ಟದಂತೆ ನೋಡಿಕೊಳ್ಳುವುದೂ ಒಂದು ಲೆಕ್ಕವೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದ ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಫೋನ್ ಮಾಡಬಹುದು. ಪೀಣ್ಯದ ಕಾರ್ಖಾನೆಯ ಮಹಿಳೆ ಬಾಕಿ ಕೂಲಿಗಾಗಿ ಬಡ್ಡಿಗೆ ಸಾಲ ತಂದು ಫೀಸು ಕಟ್ಟುವ ಪ್ರಮೇಯ ಕಾನೂನಿನ ಪ್ರಕಾರ ಇಲ್ಲ.

ಆ ಸಂಬಳದ ಡಾಕ್ಟರಿಗೂ ಒಂದು ದಾರಿ ಇತ್ತು, ಕೆಲಸಕ್ಕೆ ಸೇರುವ ದಿನ. ವೃತ್ತಿಪರ ಹೊಣೆಗಾರಿಕೆಯ ವಿಮೆ ಇಳಿಸಿದ ಆಸ್ಪತ್ರೆಗಳಲ್ಲಿ ಪಾಲಿಸಿಯ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ, ಪರಿಹಾರದ ಜೊತೆಗೆ ವಕೀಲರ ಫೀಸನ್ನೂ ಅದು ಭರಿಸುತ್ತದೆಯೇ ಎಂದು ಕೇಳಿ ತಿಳಿದು, ಅದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಬಹುದಿತ್ತು. ಆಗ 80,000 ರೂಪಾಯಿಯ ಬಿಲ್ಲು ಅವರ ಮೇಜಿಗೆ ಬರುತ್ತಲೇ ಇರಲಿಲ್ಲ.